ಎಂಬತ್ತಕ್ಕೆ ತೆಗೆ, ಇಪ್ಪತ್ತಕ್ಕೆ ಹಾಕು

ಜನವರಿ 19, ಬೆಳಿಗ್ಗೆ

ನಾಲ್ಕು ಪರ್ಸೆಂಟ್. ಲ್ಯಾಪ್‌ಟಾಪಿಗೆ ಇನ್ನೂ ಚಾರ್ಜ್ ಹಾಕಿಲ್ಲ. ಹಾಕುವುದೂ ಇಲ್ಲ. ಪೂರ್ತಿ ಸೊನ್ನೆಗೆ ಬಂದು ತಾನಾಗಿ ಆರಬೇಕು, ಆಮೇಲೆ ನೂರರವರೆಗೆ ಒಂದೇ ಪಟ್ಟಿಗೆ ತುಂಬಬೇಕು. ಕ್ಯಾಮೆರಾ ಹೆಗಲಿಗೇರಿಸಿಕೊಂಡು ಊರಿನ ಮದುವೆಗಳನ್ನೆಲ್ಲ ವಿಡಿಯೊ ಮಾಡಿದವನು ನಾನು. ಬ್ಯಾಟರಿ ಸಾಕುವುದನ್ನು ಯಾರಿಂದಲೂ ಕಲಿಯಬೇಕಾಗಿಲ್ಲ. ಅರ್ಧ ಇರುವಾಗಲೇ ಚಾರ್ಜ್ ಹಾಕಿದರೆ ಅದಕ್ಕೆ ಅರ್ಧವೇ ಅಭ್ಯಾಸವಾಗಿಬಿಡುತ್ತದೆ — ಕೆಲಸ ಕಲಿಸಿದ ಸ್ಟುಡಿಯೊ ಯಜಮಾನರ ಮಾತು. ನನಗೆ ವೇದವಾಕ್ಯ.

ಹೆಂಡತಿ ಟಕಟಕ ಟೈಪ್ ಮಾಡಿದಳು. ಲ್ಯಾಪ್‌ಟಾಪ್ ಓದಿ ಹೇಳಿತು: "ಹಸಿದ ಮಗೂನ ಸಂಜೆ ತನಕ ಉಪವಾಸ ಕೆಡವಿ ಆಮೇಲೆ ಊಟ ಹಾಕ್ತೀರಾ?"

ಧ್ವನಿ ಹೋಗಿದೆ, ನಾಲಿಗೆಯ ಮೊನಚು ಹೋಗಿಲ್ಲ. ಹೋದ ವರ್ಷ ತೊದಲು ಶುರುವಾದಾಗ ಹಲ್ಲಿನ ಸೆಟ್ಟಿನ ತಪ್ಪು ಅಂದುಕೊಂಡಿದ್ದೆವು. ನರದ ಕಾಯಿಲೆಯಂತೆ. ಮಾತು ಪೂರ್ತಿ ನಿಂತಿತು. ಪೆನ್ನು ಹಿಡಿಯುವ ಶಕ್ತಿಯೂ ಹೋಯಿತು. ಆದರೆ ಕೀಬೋರ್ಡು ಸಿಕ್ಕರೆ ಬೆರಳು ಓಡುತ್ತವೆ. ಜೀವಮಾನವಿಡೀ ಟೈಪಿಂಗ್ ಕ್ಲಾಸಿನಲ್ಲಿ ಹುಡುಗಿಯರ ಬೆರಳಿಗೆ ಸ್ಕೇಲಿನಲ್ಲಿ ತಟ್ಟಿ ಕಲಿಸಿದವಳಲ್ಲವೇ. ಮಗಳು ತನ್ನ ಹಳೆ ಲ್ಯಾಪ್‌ಟಾಪ್ ಕೊಟ್ಟಳು. ಆಸ್ಪತ್ರೆಯ ಮಾತಿನ ಡಾಕ್ಟರು ಅದರಲ್ಲಿ ಓದಿ ಹೇಳುವ ಪ್ರೋಗ್ರಾಂ ಹಾಕಿಕೊಟ್ಟರು. ಟೈಪ್ ಮಾಡಿ ಗುಂಡಿ ಒತ್ತಿದರೆ ಒಬ್ಬ ಹೆಂಗಸು ಮಾತಾಡುತ್ತಾಳೆ. ರೈಲು ತಡವಾಗಿ ಬರುತ್ತದೆ ಅನ್ನುವ ಅದೇ ರಾಗ. ನಾನು ಅವಳಿಗೆ ಸ್ಟೇಷನ್ ಹೆಂಗಸು ಅಂತ ಹೆಸರಿಟ್ಟಿದ್ದೇನೆ.

ಆರಿತು. ಈಗ ಹಾಕಿದೆ.

ಜನವರಿ 22

ಬ್ಯಾಟರಿ ಅಂಗಡಿಯವನ ಮಾತು ತಲೆಯಲ್ಲಿ ಕೊರೆಯುತ್ತಿದೆ. ಹಳೇ ಬ್ಯಾಟರಿ ಊದಿಕೊಂಡಿತ್ತು ಅಂತ ಹೋದ ತಿಂಗಳು ಬದಲಾಯಿಸಿದೆನಲ್ಲ, ಆಗ ಅಂದಿದ್ದ — "ಇದೇ ಕೊನೇ ಪೀಸು ಸರ್. ಈ ಮಾಡೆಲ್ ನಿಂತ್ಹೋಗಿದೆ. ಮಗು ತರ ನೋಡ್ಕೊಳ್ಳಿ."

ಇವತ್ತು ಮಾತಿನ ಡಾಕ್ಟರ ಹತ್ತಿರ ಹೋಗಿದ್ದೆವು. ಇವಳನ್ನು ಹೊರಗೆ ಕೂರಿಸಿ ನನ್ನನ್ನು ಮಾತ್ರ ಒಳಗೆ ಕರೆದರು.

"ಕಾಯಿಲೆ ಕೈಗೂ ಇಳೀತಾ ಇದೆ. ಯಾವಾಗ ಅಂತ ಹೇಳಕ್ಕಾಗಲ್ಲ. ಬೆರಳು ಓಡೋ ತನಕ ಅವರು ಏನೇನು ಹೇಳ್ಬೇಕೋ ಎಲ್ಲಾ ಹೇಳ್ಲಿ. ನೀವೂ ಮಾತಾಡ್ಸಿ."

ಹೂಂ ಅಂದೆ. ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ಅಂದರೆ ಈ ಯಂತ್ರ ಕೊನೆಯವರೆಗೂ ಬಾಳಿಕೆ ಬರಲೇಬೇಕು. ಮುಂದೆ ಇವಳಿಗೆ ಇದೇ ಗತಿ. ಹಿಂದೆ ಒಮ್ಮೆ ಮದುವೆಮನೆಯಲ್ಲಿ, ಹೆಣ್ಣಿನ ತಂದೆ ಮಗಳನ್ನು ತಬ್ಬಿಕೊಂಡು ಅಳುವ ಹೊತ್ತಿಗೆ ಸರಿಯಾಗಿ ನನ್ನ ಕ್ಯಾಮೆರಾ ಬ್ಯಾಟರಿ ಸತ್ತಿತ್ತು. ಆ ಮನುಷ್ಯ ಇವತ್ತಿಗೂ ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾನೆ. ಮುಖ್ಯ ಹೊತ್ತಿಗೆ ಕೈಕೊಡುವುದೇ ಬ್ಯಾಟರಿಯ ಗುಣ. ಅದಕ್ಕೆ ಅವಕಾಶ ಕೊಡಬಾರದು.

ಜನವರಿ 27, ಸಂಜೆ

ಕರೆಂಟ್ ಇಲ್ಲ. ಟಾರ್ಚ್ ಬೆಳಕಲ್ಲಿ ಬರೆಯುತ್ತಿದ್ದೇನೆ.

ನಾಲ್ಕು ಗಂಟೆ ಹೊತ್ತಿಗೆ ಇವಳು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಬೀದಿ ಕಾಣುವುದು ಅಲ್ಲಿಂದ ಮಾತ್ರ. ಪ್ಲಗ್ ಪಾಯಿಂಟ್ ಇರುವುದು ಈಚೆ ಗೋಡೆಗೆ. ಏನೋ ಬಹಳ ಹೊತ್ತು ಟೈಪ್ ಮಾಡುತ್ತಿದ್ದಳು. ಅಳಿಸುವುದು, ಮತ್ತೆ ಬರೆಯುವುದು. ನಾನು ಬ್ಯಾಟರಿ ನೋಡಿದೆ. ಎರಡು. ಚಾರ್ಜರ್ ಕೈಯಲ್ಲೇ ಇತ್ತು. ಇನ್ನೆರಡು ಪರ್ಸೆಂಟ್ ಇಳಿಯಲಿ ಅಂತ ನಿಂತುಕೊಂಡೆ.

ಗುಂಡಿ ಒತ್ತಿದಳು. ಸ್ಟೇಷನ್ ಹೆಂಗಸು ಅಂದಳು — "ನಿಮಗೆ ಒಂದು ವಿಷಯ ಹೇಳ್ಬೇಕು ಅಂತ ಇಷ್ಟು ದಿನದಿಂದ..."

ಪರದೆ ಕಪ್ಪಾಯಿತು.

ಓಡಿ ಹೋಗಿ ಪ್ಲಗ್ ಹಾಕಿದರೆ ಆಗಲೇ ಕರೆಂಟ್ ಹೋಗಬೇಕೇ. ದರಿದ್ರ ಬಂದರೆ ಒಂಟಿಯಾಗಿ ಬರುವುದಿಲ್ಲ. ಇವಳು ಪರದೆಯನ್ನೇ ನೋಡುತ್ತ ಕೂತಳು. ಆಮೇಲೆ ನಕ್ಕಳು. ಆ ನಗುವಿಗೆ ಈಗ ಶಬ್ದವಿಲ್ಲ, ಭುಜ ಮಾತ್ರ ಅಲುಗುತ್ತದೆ.

ಜನವರಿ 28

"ನಿನ್ನೆ ಏನು ಹೇಳಕ್ಕೆ ಹೊರಟಿದ್ದೆ?" ಅಂದೆ.

"ಈಗ ಮೂಡ್ ಇಲ್ಲ. ಆಮೇಲೆ."

ಅಷ್ಟೇ ಬಂತು ಉತ್ತರ. ನಾನೂ ಒತ್ತಾಯ ಮಾಡಲಿಲ್ಲ. ಇವಳ ಮೂಡು ನನಗೆ ಗೊತ್ತಿಲ್ಲದ್ದೇನಲ್ಲ.

ಫೆಬ್ರವರಿ 2

ಮಗಳ ಫೋನು. ಅವಳು ಬೇರೆ ಊರಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ. ಯಾವಾಗ ಮಾತಾಡಿದರೂ ಹಿಂದೆ ಕೊಳದ ಗದ್ದಲ, ಸೀಟಿ. ಮೊನ್ನೆ ಪರದೆ ಆರಿದ್ದನ್ನು ಹೇಳಿದೆ. ಸೊನ್ನೆಗೆ ಇಳಿಸುವ ನನ್ನ ಪದ್ಧತಿಯನ್ನೂ ಹೇಳಿದೆ, ಸ್ವಲ್ಪ ಹೆಮ್ಮೆಯಿಂದಲೇ.

"ಅಯ್ಯೋ ಅಪ್ಪಾ! ಅದು ನಿಮ್ಮ ಕಾಲದ ಕ್ಯಾಮೆರಾ ಬ್ಯಾಟರಿಗೆ. ಇದು ಲಿಥಿಯಂ. ಸೊನ್ನೆಗೆ ಇಳಿಸಿ ಇಳಿಸಿ ನೀವೇ ಅದನ್ನ ಕೊಲ್ತಾ ಇದೀರ."

ಪಾಠ ಮಾಡಿದಳು. ಇಪ್ಪತ್ತಕ್ಕಿಂತ ಕೆಳಗೆ ಬಿಡಬಾರದು. ಎಂಬತ್ತರ ಮೇಲೆ ದಿನಾ ತುಂಬಬಾರದು. ಬಿಸಿಯಾಗಬಾರದು. ಹಾಸಿಗೆ, ದಿಂಬಿನ ಮೇಲೆ ಇಟ್ಟರೆ ಗಾಳಿಯಾಡದೆ ಕಾಯುತ್ತದೆ. ಬೆಳಕು ಕಡಿಮೆ ಇಡಬೇಕು. ನೂರಕ್ಕೆ ತುಂಬಿ ಯಾವಾಗಲೂ ಪ್ಲಗ್‌ನಲ್ಲೇ ಇಟ್ಟರೆ ಊದಿಕೊಳ್ಳುತ್ತದೆ.

ಯಜಮಾನರ ವೇದವಾಕ್ಯ ಒಂದೇ ಫೋನಿಗೆ ಮಣ್ಣುಪಾಲು. ನಾಚಿಕೆಯಾಯಿತು. ಆದರೆ ಒಂದು ಹುರುಪೂ ಬಂತು. ಈ ಮನೆಯಲ್ಲಿ ನನ್ನ ಕೈಯಿಂದ ಸರಿಹೋಗುವಂಥದ್ದು ಏನೋ ಒಂದು ಇದೆಯಲ್ಲ. ಮೊಬೈಲಿನಲ್ಲಿ ಅಲಾರಂ ಇಟ್ಟೆ. ಎಂಬತ್ತಕ್ಕೆ ತೆಗೆ, ಇಪ್ಪತ್ತಕ್ಕೆ ಹಾಕು. ಇಷ್ಟೇ ಇನ್ನು ಮಂತ್ರ.

ಫೆಬ್ರವರಿ 4

ಲ್ಯಾಪ್‌ಟಾಪ್ ಅಡಿಗೆ ಮರದ ಹಲಗೆ ಮಾಡಿಸಿದೆ, ತೂತು ಕೊರೆಸಿ. ಬೆಳಕು ಇಳಿಸಿದೆ. ಇವಳು ಕಣ್ಣು ಕಿರಿದು ಮಾಡಿ ನೋಡಿ ಟೈಪ್ ಮಾಡಿದಳು:

"ನನಗೂ ಇಷ್ಟು ಉಪಚಾರ ಮಾಡಿರಲಿಲ್ಲ ಬಾಣಂತನದಲ್ಲಿ."

ನಕ್ಕುಬಿಟ್ಟೆ. ಮಾತಿಗೆ ಮಾತು ಕೊಡದಿದ್ದರೆ ಇವಳಿಗೆ ಉಂಡದ್ದು ಅರಗುವುದಿಲ್ಲ.

ಫೆಬ್ರವರಿ 9

ಇವತ್ತು ರೇಗಿಬಿಟ್ಟೆ.

ಮಹಡಿ ಮೇಲಿನ ಮನೆಯಾಕೆ ಮಧ್ಯಾಹ್ನ ಬಂದು ಕೂತವರು ಏಳಲೇ ಇಲ್ಲ. ಇವಳೂ ಸ್ಟೇಷನ್ ಹೆಂಗಸೂ ಸೇರಿ ಮೂರು ಜನರ ಹರಟೆ. ಟೀವಿ ಧಾರಾವಾಹಿಯಲ್ಲಿ ಅತ್ತೆ ಸತ್ತಳೋ ನಾಟಕವೋ, ಎದುರುಮನೆಯ ನಾಯಿ ಯಾರನ್ನು ಕಚ್ಚಿತು, ಟೈಪಿಂಗ್ ಕ್ಲಾಸಿನಲ್ಲಿ ಯಾವ ಹುಡುಗಿ ಯಾವ ಹುಡುಗನಿಗೆ ಪತ್ರ ಟೈಪ್ ಮಾಡಿ ಸಿಕ್ಕಿಬಿದ್ದಳು... ನಾನು ಮುಂದಿನ ಕೋಣೆಯಲ್ಲಿ ಒಬ್ಬರಿಗೆ ಪಾಸ್‌ಪೋರ್ಟ್ ಫೋಟೊ ತೆಗೆಯುತ್ತಿದ್ದೆ. ಸ್ಟುಡಿಯೊ ಅಂತ ಉಳಿದಿರುವುದು ಅದೊಂದೇ ಕೆಲಸ. ಒಳಗೆ ಬಂದು ನೋಡಿದರೆ ಹದಿಮೂರು ಪರ್ಸೆಂಟ್. ಲ್ಯಾಪ್‌ಟಾಪ್ ದಿಂಬಿನ ಮೇಲೆ. ಕೆಂಡದ ಹಾಗೆ ಬಿಸಿ.

ಆಕೆ ಹೋದ ಮೇಲೆ ಅಂದೆ — "ನಾಯಿ ಕಚ್ಚಿದ್ದಕ್ಕೆಲ್ಲ ಚಾರ್ಜ್ ಖರ್ಚು ಮಾಡ್ಬೇಕಾ? ಇದು ಕೊನೇ ಬ್ಯಾಟರಿ ಕಣೇ. ಮುಂದೆ ಮುಖ್ಯವಾದ್ದು ಹೇಳ್ಬೇಕಾದಾಗ ಏನ್ ಮಾಡ್ತೀಯ? ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ, ಕೇಳಿಲ್ವಾ?"

ಇವಳು ನನ್ನ ಮುಖ ನೋಡಿದಳು. ಪರದೆಯ ಮೂಲೆಯಲ್ಲಿದ್ದ ಅಂಕಿ ನೋಡಿದಳು. "ಸರಿ" ಅಂತ ಟೈಪ್ ಮಾಡಿದಳು. ಗುಂಡಿ ಒತ್ತಲಿಲ್ಲ. ನಾನೇ ಓದಿಕೊಂಡೆ.

ಫೆಬ್ರವರಿ 20

ಈಗ ದಿನಕ್ಕೆ ಒಂದೇ ಸಲ ಚಾರ್ಜ್. ಬೆಳಿಗ್ಗೆ ಎಂಬತ್ತಕ್ಕೆ ತೆಗೆದರೆ ಸಂಜೆಗೆ ನಲವತ್ತೈದು. ಹಲಗೆ ಕೆಲಸ ಮಾಡುತ್ತಿದೆ. ಬೆಳಕು ಇಳಿಸಿದ್ದೂ. ಇವಳೂ ಹೊಂದಿಕೊಂಡಿದ್ದಾಳೆ. ಮಾತು ಹಿಡಿದು ಆಡುತ್ತಾಳೆ. "ಕಾಫಿ." "ಫ್ಯಾನ್." "ಕಾಲು ಒತ್ತಿ." ಟೈಪ್ ಮಾಡಿದ ಕೂಡಲೇ ಮುಚ್ಚಳ ಮುಚ್ಚಿಬಿಡುತ್ತಾಳೆ.

"ಈಗ ಟೆಲಿಗ್ರಾಂ ಕಳಿಸೋ ಹಾಗೆ ಮಾತಾಡ್ತೀಯ, ಶಭಾಷ್" ಅಂದೆ.

ಹುಬ್ಬು ಹಾರಿಸಿದಳು.

ಮಾರ್ಚ್ 6

ಎರಡು ದಿನಕ್ಕೊಮ್ಮೆ ಚಾರ್ಜ್! ಬ್ಯಾಟರಿ ಅಂಗಡಿಯವನಿಗೆ ಫೋನ್ ಮಾಡಿ ಹೇಳಿದೆ. ಎಲ್ಲರೂ ನಿಮ್ಮ ಹಾಗೆ ನೋಡಿಕೊಂಡರೆ ನಾನು ಅಂಗಡಿ ಮುಚ್ಚಬೇಕು ಸರ್ ಅಂತ ನಕ್ಕ.

ಮಹಡಿಯಾಕೆ ಈಚೆಗೆ ಬರುವುದಿಲ್ಲ. ಮೆಟ್ಟಿಲಲ್ಲಿ ಸಿಕ್ಕರು. "ಪಾಪ, ಅವರಿಗೆ ಸುಸ್ತು ಅನ್ಸುತ್ತೆ. ಮಾತು ಬೇಕಾಗಿಲ್ಲ. ನಾನ್ಯಾಕೆ ತೊಂದ್ರೆ ಕೊಡ್ಲಿ" ಅಂದರು. ಇರಬಹುದು.

ಇವಳ ಕುತ್ತಿಗೆ ಸ್ವಲ್ಪ ವಾಲುತ್ತಿದೆ. ದಿಂಬು ಕೊಟ್ಟೆ.

ಮಾರ್ಚ್ 14

ಮಧ್ಯಾಹ್ನ ಊಟ ತಿನ್ನಿಸುವಾಗ ನೆನಪಾಯಿತು. "ಏನೋ ವಿಷಯ ಹೇಳ್ಬೇಕು ಅಂದಿದ್ದೆಯಲ್ಲ, ಜನವರಿಯಲ್ಲಿ. ಹೇಳ್ಲೇ ಇಲ್ಲ."

ಲ್ಯಾಪ್‌ಟಾಪ್ ತೆರೆದಳು. ಮೊದಲು ನೋಡಿದ್ದು ಮೂಲೆಯ ಅಂಕಿ. ಇಪ್ಪತ್ತಮೂರು. ಬೆರಳು ಕೀಬೋರ್ಡಿನ ಮೇಲೆ ಸ್ವಲ್ಪ ಹೊತ್ತು ಹಾಗೇ ಇದ್ದವು.

"ಉದ್ದ ಇದೆ. ಚಾರ್ಜ್ ಆದಾಗ."

ಸರಿ ಅಂತ ಪ್ಲಗ್ ಹಾಕಿದೆ. ಅಷ್ಟರಲ್ಲಿ ಹೊರಗೆ ಯಾರೋ ಫೋಟೊಗೆ ಬಂದರು. ಮೂರು ಮಕ್ಕಳು, ಒಂದೂ ನೆಟ್ಟಗೆ ನಿಲ್ಲದು. ಮುಗಿಸಿ ಬರುವಾಗ ಇವಳಿಗೆ ನಿದ್ದೆ. ಎಂಬತ್ತಾಗಿತ್ತು. ತೆಗೆದಿಟ್ಟೆ.

ನಾಳೆ ಕೇಳಬೇಕು.

ಏಪ್ರಿಲ್ 11, ಬೆಳಿಗ್ಗೆ

ಬರೆಯಲು ಪುರುಸೊತ್ತೇ ಆಗಿರಲಿಲ್ಲ. ಇವಳಿಗೆ ಜ್ವರ, ಆಸ್ಪತ್ರೆ, ಮತ್ತೆ ಮನೆ. ಈಗ ನಡೆಯುವುದು ನಿಂತಿದೆ. ನಾನೇ ಎತ್ತಿ ಕುರ್ಚಿಗೆ ಕೂರಿಸುತ್ತೇನೆ. ಬಲಗೈಯ ಎರಡು ಬೆರಳು ಮಾತ್ರ ಆಡುತ್ತವೆ.

ಮಗಳು ರಜೆ ಹಾಕಿ ಬಂದಿದ್ದಾಳೆ. ಈಗ ಅಮ್ಮನ ತಲೆ ಬಾಚುತ್ತಿದ್ದಾಳೆ.

ಏಪ್ರಿಲ್ 11, ಮಧ್ಯಾಹ್ನ

ಇದನ್ನು ಬರೆಯಲು ನಾಚಿಕೆ. ಆದರೂ ಬರೆಯಬೇಕು. ಬೇರೆ ಯಾರ ಹತ್ತಿರ ಹೇಳಲಿ.

ಊಟ ಆದ ಮೇಲೆ ಮಗಳ ಮುಂದೆ ಜಂಬ ಕೊಚ್ಚಿಕೊಂಡೆ. ನೀನು ಹೇಳಿದ ಹಾಗೇ ನೋಡಿಕೊಂಡಿದ್ದೇನೆ, ಬೇಕಾದರೆ ಪರೀಕ್ಷೆ ಮಾಡು ಅಂದೆ. ಅವಳು ಏನೋ ಒತ್ತಿ ಬ್ಯಾಟರಿಯ ಚರಿತ್ರೆ ತೆರೆದಳು. ದಿನ ದಿನದ ಲೆಕ್ಕ ಇರುತ್ತದಂತೆ ಒಳಗೆ.

"ಹೊಸದರ ಹಾಗೇ ಇದೆ" ಅಂದಳು. ನನಗೆ ಎದೆ ಉಬ್ಬಿತು. ಅವಳು ನಗಲಿಲ್ಲ. ಕೆಳಗೆ ಕೆಳಗೆ ಓದುತ್ತ ಹೋದಳು.

"ಅಪ್ಪಾ... ಇದು ಫೆಬ್ರವರಿಯಿಂದ ಓಡೇ ಇಲ್ಲ. ದಿನಕ್ಕೆ ಕಾಲು ಗಂಟೆ, ಕೆಲವು ದಿನ ಅದೂ ಇಲ್ಲ. ಅಮ್ಮ ಮಾತಾಡ್ತಾನೇ ಇಲ್ವಾ?"

"ಆಡ್ತಾಳಲ್ಲ. ಬೇಕಾದಾಗ ಆಡ್ತಾಳೆ."

"ಫೋನಲ್ಲೂ ಹೂಂ, ಚೆನ್ನಾಗಿದೀನಿ, ಇಡ್ತೀನಿ ಅಂತಿದ್ಲು. ನಾನು ಸುಸ್ತು ಅಂದ್ಕೊಂಡೆ." ಧ್ವನಿ ಏರಿತು. "ಬ್ಯಾಟರಿ ಹಾಳಾಗ್ದೇ ಇರ್ಲಿ ಅಂತ ಹೇಳಿದ್ದು ನಾನು. ಅಮ್ಮನ ಬಾಯಿ ಮುಚ್ಸಿ ಅಂತಲ್ಲ. ಮೂಗಿಗಿಂತ ಮೂಗುತಿನೇ ಭಾರ ಆಯ್ತಲ್ಲಪ್ಪ ನಿಮಗೆ!"

ಕುರ್ಚಿಯಿಂದ ಟಕ್ ಅಂತ ಸದ್ದು. ಇವಳು ಬೆರಳು ತಟ್ಟಿ ಕರೆಯುವ ರೀತಿ ಅದು. ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟೆವು. ಒಂದೊಂದೇ ಅಕ್ಷರ. ಮಗಳು ಲ್ಯಾಪ್‌ಟಾಪ್ ಜಾರದ ಹಾಗೆ ಹಿಡಿದುಕೊಂಡಿದ್ದಳು.

"ಬೈಬೇಡ ಅಪ್ಪನ್ನ."

ಮತ್ತೆ ಬಹಳ ಹೊತ್ತು.

"ಬ್ಯಾಟರಿ ಚೆನ್ನಾಗಿದೆ ಅಂತ ಖುಷಿಯಾಗಿ ಇರ್ತಿದ್ರು. ಮನೇಲಿ ಅದೊಂದೇ ಖುಷಿ ಇದ್ದಿದ್ದು."

ನಾನು ಹಿತ್ತಲಿಗೆ ಹೋಗಿಬಿಟ್ಟೆ. ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ. ಹೊಸದರ ಹಾಗೇ ಇದೆಯಂತೆ. ಇರದೆ ಏನು ಮಾಡುತ್ತದೆ. ಆಡದೆ ಉಳಿದ ಮಾತೆಲ್ಲ ಅದರೊಳಗೇ ಕೂತಿದೆ. ಎರಡು ತಿಂಗಳು ಇವಳ ಹತ್ತೂ ಬೆರಳು ಆಡುತ್ತಿದ್ದವು. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದು ಮೂಲೆಯ ಅಂಕಿಯನ್ನು. ಬೆರಳಿಗೆ ಅಂಕಿ ಇರಲಿಲ್ಲ, ಅದಕ್ಕೇ ನೋಡಲಿಲ್ಲ. ಡಾಕ್ಟರು ಬಾಯಿ ಬಿಟ್ಟು ಹೇಳಿದ್ದರು. ಮಾತಾಡಿಸಿ ಅಂತ. ನಾನು ಯಂತ್ರ ಉಳಿಸಿ ಅಂತ ತಿಳಿದುಕೊಂಡು ಬಂದೆ.

ಏಪ್ರಿಲ್ 12

ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿದೆ. ಮದುವೆಮನೆಗಳಲ್ಲಿ ಲೈಟಿಗೆ ಎಳೆಯುತ್ತಿದ್ದ ಎಕ್ಸ್‌ಟೆನ್ಷನ್ ವೈರುಗಳು. ಕಟ್ಟಡ ಸುತ್ತಿ ಬರುವಷ್ಟು ಉದ್ದ. ಒಂದನ್ನು ತಂದು ಗೋಡೆಯ ಅಂಚಿಗೆ ಕ್ಲಿಪ್ ಹೊಡೆದು ಕಿಟಕಿ ಪಕ್ಕದ ಕುರ್ಚಿಯವರೆಗೆ ಎಳೆದೆ. ಒಂದು ಕಾಫಿ ಆರುವಷ್ಟರಲ್ಲಿ ಕೆಲಸ ಮುಗಿಯಿತು. ಇಷ್ಟು ದಿನ ಇದು ಹೊಳೆಯಲಿಲ್ಲ. ವೈರಿನ ಮೇಲೇ ಬದುಕಿದ ನನಗೆ! ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಪರದೆಯ ಬೆಳಕು ಪೂರ್ತಿ ಏರಿಸಿದೆ. ಅಲಾರಂ ತೆಗೆದು ಹಾಕಿದೆ. ಇವಳ ಮುಂದೆ ಮಂಡಿಯೂರಿ ಕೂತು ಅಂದೆ —

"ಮಾತಾಡು ಕಣೇ. ಎದುರುಮನೆ ನಾಯಿ ವಿಷಯ ಹೇಳು. ಧಾರಾವಾಹಿ ಅತ್ತೆ ವಿಷಯ ಹೇಳು. ನನ್ನನ್ನ ಬೈಯಿ. ಬ್ಯಾಟರಿ ಊದ್ಲಿ, ಸುಟ್ಟುಹೋಗ್ಲಿ."

ಎರಡು ಬೆರಳಲ್ಲಿ ಟೈಪ್ ಮಾಡಿದಳು. ಗುಂಡಿ ಒತ್ತಲು ನಾನು ಸಹಾಯ ಮಾಡಿದೆ.

"ಅತ್ತೆ ಬದುಕಿದಾಳೆ. ನಾಟ್ಕ."

ನಗಲೋ ಅಳಲೋ ತಿಳಿಯಲಿಲ್ಲ. ಎರಡೂ ಆಯಿತು.

ಏಪ್ರಿಲ್ 19

ಮಗಳು ಹೋದಳು. ಹೋಗುವಾಗ ನನ್ನ ಕೈ ಹಿಡಿದು "ಜೋರಾಗಿ ಅಂದ್ಬಿಟ್ಟೆ ಅಪ್ಪಾ" ಅಂದಳು. ಇಲ್ಲಮ್ಮ, ಮೆಲ್ಲಗೇ ಅಂದೆ ನೀನು.

ಮಹಡಿಯಾಕೆಯ ಮನೆಗೆ ಹೋಗಿ ನಿಜ ಹೇಳಿದೆ. ಸುಸ್ತಲ್ಲ, ನನ್ನ ದಡ್ಡತನ ಅಂತ. ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಆಗಲೇ ನನ್ನ ಹಿಂದೆ ಇಳಿದು ಬಂದರು. ಸಂಜೆಯವರೆಗೆ ಕೂತಿದ್ದರು. ಮಾತೆಲ್ಲ ಅವರದೇ. ಇವಳಿಗೆ ಒಂದು ಸಾಲು ಟೈಪ್ ಮಾಡುವಷ್ಟರಲ್ಲಿ ಬೆವರು. ಮೊದಲಾದರೆ ಆಕೆ ಒಂದು ಆಡಿದರೆ ಇವಳು ನಾಲ್ಕು ಆಡುತ್ತಿದ್ದಳು.

ಜನವರಿಯ ಮಾತು ಕೇಳಲು ಧೈರ್ಯ ಬರುತ್ತಿಲ್ಲ. ಉದ್ದ ಇದೆ ಅಂದಿದ್ದಳು.

ಏಪ್ರಿಲ್ 30

ಒಂದೇ ಬೆರಳು. ಅದೂ ಬೆಳಿಗ್ಗೆ ಮಾತ್ರ. ಕೀಯ ಮೇಲೆ ಇಟ್ಟರೆ ಎತ್ತಲಾಗುವುದಿಲ್ಲ. ಅದೇ ಅಕ್ಷರ ಸಾಲಾಗಿ ಬಂದುಬಿಡುತ್ತದೆ. ಸ್ಟೇಷನ್ ಹೆಂಗಸು ಅದನ್ನೂ ಬಿಡದೆ ಓದುತ್ತಾಳೆ — "ನನನನನನ". ಇವಳಿಗೆ ಅದು ತಮಾಷೆ. ಭುಜ ಅಲುಗಿತು.

ಟೈಪಿಂಗ್ ಮೇಡಂ ಬೆರಳು ಇವು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತಪ್ಪಿಲ್ಲದೆ ಹೊಡೆಯುತ್ತಿದ್ದಳು. ಮದುವೆಯಾದ ಹೊಸತರಲ್ಲಿ ನನ್ನ ಬೆನ್ನ ಮೇಲೆ ಟೈಪ್ ಮಾಡಿ ಏನು ಬರೆದೆ ಹೇಳಿ ಅನ್ನುತ್ತಿದ್ದಳು. ಒಂದು ಸಲವೂ ಸರಿಯಾಗಿ ಹೇಳಲಿಲ್ಲ ನಾನು.

ಮೇ 17

ಬೆರಳೂ ನಿಂತಿತು. ಹೋದ ವಾರವೇ. ಬರೆಯಲು ಮನಸ್ಸು ಬರಲಿಲ್ಲ.

ಮಾತಿನ ಡಾಕ್ಟರು ಮನೆಗೇ ಬಂದಿದ್ದರು. ದೊಡ್ಡ ರಟ್ಟಿನ ಮೇಲೆ ವರ್ಣಮಾಲೆ ಬರೆದು ಕೊಟ್ಟರು. ನಾನು ಒಂದೊಂದೇ ಸಾಲು ತೋರಿಸಬೇಕು. ಸಾಲು ಸರಿಯಿದ್ದರೆ ಕಣ್ಣು ಮೇಲೆತ್ತುತ್ತಾಳೆ. ಆಮೇಲೆ ಆ ಸಾಲಿನಲ್ಲಿ ಅಕ್ಷರ. ಬೇಡ ಅಂದರೆ ಕಣ್ಣು ಮುಚ್ಚುವುದು. ಕಣ್ಣಿನಿಂದ ನಡೆಸುವ ಯಂತ್ರವೂ ಇದೆಯಂತೆ. ಆಸ್ಪತ್ರೆಯಲ್ಲಿರುವುದು ಒಂದೇ, ಅದು ಬೇರೆಯವರ ಹತ್ತಿರ ಇದೆ, ಬಂದ ಕೂಡಲೇ ಕೊಡುತ್ತೇವೆ ಅಂದರು.

ಬಾಗಿಲ ತನಕ ಹೋಗಿ ಕೇಳಿದೆ. "ಡಾಕ್ಟ್ರೇ, ಜನವರಿಯಿಂದ ನಾನು ಸರಿಯಾಗಿ ಮಾತಾಡ್ಸಿದ್ರೆ ಬೆರಳು ಇನ್ನೂ ಸ್ವಲ್ಪ ದಿನ ಬರ್ತಿತ್ತಾ?"

"ಇಲ್ಲ. ಕಾಯಿಲೆಗೂ ಅದಕ್ಕೂ ಸಂಬಂಧ ಇಲ್ಲ. ಬೆರಳು ಹೇಗೂ ಹೋಗ್ತಿತ್ತು."

ಸಮಾಧಾನಕ್ಕೆ ಅಂದರು. ಆದರೆ ಅದೇ ಅಲ್ಲವೇ ನನ್ನ ಸಂಕಟ. ಹೇಗೂ ಹೋಗುವ ಬೆರಳು, ಇದ್ದಾಗ ಸುಮ್ಮನೆ ಕೂರಿಸಿದೆ. ಬ್ಯಾಟರಿ ಖಾಲಿಯಾದರೆ ತುಂಬಬಹುದಿತ್ತು.

ಲ್ಯಾಪ್‌ಟಾಪ್ ಅವಳ ಮಂಚದ ಪಕ್ಕದ ಸ್ಟೂಲಿನ ಮೇಲೇ ಇದೆ. ಪ್ಲಗ್‌ನಲ್ಲೇ. ಹಗಲೂ ರಾತ್ರಿ ನೂರು. ಯಾರೂ ಮುಟ್ಟುವುದಿಲ್ಲ, ಆದರೂ ತೆಗೆಯಲು ಮನಸ್ಸಿಲ್ಲ. ಅದಕ್ಕೊಂದು ಶಿಕ್ಷೆ ಅಂತಿಟ್ಟುಕೊಳ್ಳೋಣ. ಅಥವಾ ನನಗೆ.

ಮೇ 23, ಮಧ್ಯಾಹ್ನ

ಊಟ ಆದ ಮೇಲೆ ರಟ್ಟು ಹಿಡಿದು ಕೂತೆ. ಇವಳ ಕಣ್ಣು ರಟ್ಟಿನ ಕಡೆಗೇ ಇತ್ತು. ಏನೋ ಹೇಳಬೇಕಾಗಿದೆ ಅಂತ ತಿಳಿಯಿತು.

ಚ ಸಾಲು. ಚ. ದೀರ್ಘ.

"ಚಾ ಬೇಕಾ?" ಅಂದೆ. ಕಣ್ಣು ಮುಚ್ಚಿದಳು. "ಚಾದರ? ಚಳಿನಾ?" ಮತ್ತೆ ಮುಚ್ಚಿದಳು. "ಚಾಪೆ ಯಾಕೆ ನಿಂಗೆ?" ಕಣ್ಣು ಮುಚ್ಚಿಕೊಂಡೇ ಇದ್ದಳು — ಟೈಪಿಂಗ್ ಕ್ಲಾಸಿನಲ್ಲಿ ದಡ್ಡ ವಿದ್ಯಾರ್ಥಿ ಸಿಕ್ಕಾಗಲೂ ಹೀಗೇ ಮಾಡುತ್ತಿದ್ದಳು. ನಾನು ಊಹೆ ನಿಲ್ಲಿಸಿ ಸಾಲು ತೋರಿಸಿದೆ.

ರ. ಒತ್ತು. ಜ.

"ಚಾರ್ಜ್?"

ಕಣ್ಣು ಮೇಲೆ. ಬಿಡಲಿಲ್ಲ, ಮುಂದುವರಿಸಿದಳು. ನಡುವೆ ಎರಡು ಸಲ ವಿಶ್ರಾಂತಿ. ಹೊರಗಿನ ಬಿಸಿಲು ಕಿಟಕಿಯಿಂದ ಗೋಡೆಗೆ ಏರಿತ್ತು ಮುಗಿಯುವಷ್ಟರಲ್ಲಿ.

"ಚಾರ್ಜರ್ ತೆಗೀರಿ."

ಸ್ಟೂಲಿನ ಕಡೆ ನೋಡಿದೆ. ನೂರು. ಮುಟ್ಟಿದರೆ ಬೆಚ್ಚಗಿತ್ತು. ಇಷ್ಟು ದಿನ ಅವಳು ಮಲಗಿದಲ್ಲಿಂದ ಅದನ್ನೇ ನೋಡುತ್ತಿದ್ದಳೇನೋ. ಒಂದು ಮಧ್ಯಾಹ್ನ ಪೂರ್ತಿ ಖರ್ಚು ಮಾಡಿ ಆಡಿದ ಮಾತು ಇದು. ತಮಾಷೆಗೆ ಅಂದಳೋ, ನನ್ನ ಬ್ಯಾಟರಿ ಹಾಳಾಗದಿರಲಿ ಅಂತ ನಿಜವಾಗಿ ಅಂದಳೋ ಗೊತ್ತಿಲ್ಲ. ಕಣ್ಣು ನಗುತ್ತಿತ್ತು.

ತೆಗೆದೆ. ಅವಳ ಹೊಟ್ಟೆಯ ಮೇಲೆ ತಲೆಯಿಟ್ಟು ತಪ್ಪಾಯಿತು ಅಂದೆ. ಎಷ್ಟು ಸಲ ಅಂದೆನೋ. ತಲೆಯೆತ್ತಿ ನೋಡಿದರೆ ಕಣ್ಣು ಮುಚ್ಚಿದ್ದಳು. ಬೇಡ ಅಂತಲೋ, ದಣಿವೋ.

ಮೇ 25

ಕೇಳಿಯೇಬಿಟ್ಟೆ.

"ಜನವರಿಯಲ್ಲಿ ಒಂದು ವಿಷಯ ಹೇಳಕ್ಕೆ ಹೊರಟಿದ್ದೆ. ನೆನಪಿದೆಯಾ?"

ಕಣ್ಣು ಮೇಲೆ.

"ಈಗ ಹೇಳ್ತೀಯಾ?"

ಕಣ್ಣು ಮೇಲೆ. ಆಮೇಲೆ ಪಕ್ಕಕ್ಕೆ, ಬಾಗಿಲ ಕಡೆಗೆ. ತಿಳಿಯಿತು. ಬಾಗಿಲು ಹಾಕಿದೆ. ಹೊರಗೆ ಸ್ಟುಡಿಯೊ ಬೋರ್ಡ್ ತಿರುಗಿಸಿ ಬಂದೆ. ಫೋಟೊಗೆ ಬಂದವರು ಬೇರೆ ಕಡೆ ಹೋಗಲಿ.

ಅಕ್ಷರ ಬರೆದುಕೊಳ್ಳಲು ಈ ಪುಸ್ತಕವೇ ಕೈಗೆ ಸಿಕ್ಕಿದ್ದು. ಇನ್ನು ಊಹೆ ಮಾಡುವುದಿಲ್ಲ. ಮಾತಿನ ಮಧ್ಯೆ ಬಾಯಿ ಹಾಕುವ ಚಾಳಿ ಇವತ್ತಿಗೆ ಬಿಟ್ಟೆ. ಅವಳು ಕೊಟ್ಟಷ್ಟೇ ಬರೆಯುತ್ತೇನೆ.

ನಿ ಮ್ಮ

ಇವತ್ತಿಗೆ ಇಷ್ಟೇ. ಉಸಿರಾಟ ಕಷ್ಟ.

ಮೇ 26

ಬೆಳಿಗ್ಗೆ ಆಗಲಿಲ್ಲ. ಸಂಜೆ ತಾನಾಗಿ ರಟ್ಟಿನ ಕಡೆ ನೋಡಿದಳು.

ಜೊ ತೆ

ಉಸಿರಾಟ ಇನ್ನೂ ಕಷ್ಟವಾಗಿದೆ, ಡಾಕ್ಟರಿಗೆ ಫೋನ್ ಮಾಡಿದೆ. ಮಗಳಿಗೂ ಮಾಡಿದೆ. ಮೊದಲ ಬಸ್ಸಿಗೆ ಹೊರಡುತ್ತಾಳೆ.

ಮೇ 27, ಬೆಳಿಗ್ಗೆ

ಇವಳೇ ಎಬ್ಬಿಸಿದಳು, ಗಂಟಲಲ್ಲಿ ಏನೋ ಸದ್ದು ಮಾಡಿ. ಮುಖ ತೊಳೆಸಿದೆ. ಕಿಟಕಿ ತೆಗೆದೆ. ಎದುರುಮನೆಯ ನಾಯಿ ಬಿಸಿಲಿಗೆ ಮೈಚಾಚಿ ಬಿದ್ದಿದೆ ಅಂತ ಹೇಳಿದೆ. ಕಣ್ಣು ಮೇಲೆತ್ತಿದಳು, ಹೂಂ ಅನ್ನುವ ಹಾಗೆ.

ರಟ್ಟು ಹಿಡಿದೆ.

ಮಾ

ತಾ

ಮುಂದಿನ ಅಕ್ಷರ ನನಗೆ ಗೊತ್ತು. ನಾನೇ ಹೇಳಿಬಿಡಬಹುದು. ಹೇಳುವುದಿಲ್ಲ. ಅವಳೇ ಹೇಳಲಿ. ಪೂರ್ತಿ ಹೇಳಲಿ, ಎಷ್ಟು ಹೊತ್ತಾದರೂ ಆಗಲಿ.

ಕಣ್ಣು ಮುಚ್ಚಿದ್ದಾಳೆ. ಸ್ವಲ್ಪ ದಣಿವಾರಿಸಿಕೊಳ್ಳಲಿ. ರಟ್ಟು ಕೈಯಲ್ಲೇ ಇದೆ. ತೆರೆದ ಕೂಡಲೇ ಟ ಸಾಲು ತೋರಿಸಿ —